ನಮ್ಮ ನಮಾಝ್ ನಮ್ಮ ತಕ್ಕಡಿಗೆ ಏನು ಹೇಳುತ್ತದೆ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಸಂದೇಶವಾಹಕರಾದ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಂಗಾತಿಗಳ ಮೇಲೆ ಶಾಂತಿಯೂ ಅನುಗ್ರಹವೂ ಇರಲಿ.



ಜುಮಾದ ಆಜ್ಞೆ ಇಳಿದ ಸೂಕ್ತಗಳಲ್ಲೇ ವ್ಯಾಪಾರದ ಮಾತೂ ಬಂದಿದೆ ಎಂಬುದನ್ನು ನೀವು ಗಮನಿಸಿರಬಹುದು. ಸೂರಃ ಅಲ್ ಜುಮುಅಃದ ಕೊನೆಯ ಮೂರು ಸೂಕ್ತಗಳನ್ನು ನೋಡಿ. ಜುಮಾದ ಅಝಾನ್ ಕೇಳಿದಾಗ ವ್ಯಾಪಾರ ಬಿಟ್ಟು ಅಲ್ಲಾಹನ ಸ್ಮರಣೆಯ ಕಡೆಗೆ ಧಾವಿಸಬೇಕೆಂದು ಮೊದಲು ಹೇಳಲಾಗಿದೆ. ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು, ಅಂದರೆ ಜೀವನೋಪಾಯವನ್ನು ಅರಸಬೇಕೆಂದು ಆಮೇಲೆ ಹೇಳಲಾಗಿದೆ. ಅದರ ಬೆನ್ನಲ್ಲೇ ಇನ್ನೊಂದು ಆಜ್ಞೆಯೂ ಇದೆ: ಅಲ್ಲಾಹನನ್ನು ಧಾರಾಳವಾಗಿ ಸ್ಮರಿಸುತ್ತಿರಬೇಕು.

ಈ ಕೊನೆಯ ಆಜ್ಞೆ ಯಾವ ಸ್ಥಳಕ್ಕೆ ಸಂಬಂಧಿಸಿದ್ದು? ಮಸೀದಿಯಿಂದ ಹೊರಟು ಮಾರುಕಟ್ಟೆಗೆ ಹೋದವನಿಗೆ ಬಂದ ಆಜ್ಞೆ ಇದು. ಒಂದು ಗಂಟೆಗೆ ಶಟರ್ ಎಳೆದು ಮಸೀದಿಗೆ ಬರುತ್ತೇವೆ, ಎರಡು ಗಂಟೆಗೆ ಶಟರ್ ಎತ್ತುತ್ತೇವೆ. ಶಟರ್ ಎತ್ತುವಾಗ ಅಲ್ಲಾಹನ ಸ್ಮರಣೆಯನ್ನು ಚಪ್ಪಲಿಯ ಜೊತೆ ಮಸೀದಿಯ ಮೆಟ್ಟಿಲಲ್ಲೇ ಬಿಟ್ಟು ಹೋಗಬಾರದು, ಅದು ಗಲ್ಲಾಪೆಟ್ಟಿಗೆಯವರೆಗೂ ಬರಬೇಕು ಎಂಬುದೇ ಈ ಸೂಕ್ತದ ಬೇಡಿಕೆ.

ಇದನ್ನು ಒಪ್ಪದ ಒಂದು ಜನಾಂಗದ ಕತೆ ಕುರ್‌ಆನ್‌ನಲ್ಲಿದೆ. ಮದ್‌ಯನ್ ಎಂಬುದು ವ್ಯಾಪಾರಿಗಳ ನಾಡು. ಅಲ್ಲಿಗೆ ಪ್ರವಾದಿಯಾಗಿ ಬಂದ ಶುಐಬ್(ಅ) ಎರಡು ಮಾತು ಹೇಳಿದರು. ಅಲ್ಲಾಹನನ್ನು ಮಾತ್ರ ಆರಾಧಿಸಿ, ಅಳತೆ ಮತ್ತು ತೂಕದಲ್ಲಿ ಕಡಿಮೆ ಮಾಡಬೇಡಿ. ಆಗ ಆ ಜನರು ಕೊಟ್ಟ ಉತ್ತರ ಸೂರಃ ಹೂದ್‌ನ 87ನೇ ಸೂಕ್ತದಲ್ಲಿದೆ. ನಮ್ಮ ಸೊತ್ತನ್ನು ನಮಗೆ ಬೇಕಾದಂತೆ ಬಳಸಬಾರದೆಂದು ನಿನಗೆ ನಿನ್ನ ನಮಾಝ್ ಹೇಳಿಕೊಡುತ್ತದೆಯೇ ಎಂದು ಅವರು ಗೇಲಿ ಮಾಡಿದರು. ನಮಾಝ್ ನಿನ್ನ ಪಾಡಿಗೆ, ವ್ಯಾಪಾರ ನಮ್ಮ ಪಾಡಿಗೆ ಎಂಬುದು ಅವರ ವಾದವಾಗಿತ್ತು.

ಸಹೋದರರೇ, ನಾವು ಶುಐಬರನ್ನು(ಅ) ನಂಬುವವರು. ಆದರೆ ಅಂಗಡಿಯಲ್ಲಿ ಕುಳಿತಾಗ ನಮ್ಮ ಬಾಯಿಂದ ಮದ್‌ಯನ್‌ನವರ ಮಾತೇ ಬರುವುದಿಲ್ಲವೇ? 'ಅದು ದೀನ್, ಇದು ದಂಧೆ' ಎನ್ನುವುದು ನಮ್ಮಲ್ಲೂ ಗಾದೆಯಂತೆ ಆಗಿಬಿಟ್ಟಿದೆ. ಇವತ್ತಿನ ಖುತ್ಬಾದ ವಿಷಯ ಅದೇ. ವ್ಯಾಪಾರದ ಧರ್ಮವನ್ನು ನಮಗೆ, ನಮ್ಮ ಮಕ್ಕಳಿಗೆ ಕಲಿಸುವವರು ಯಾರು?

ಮದ್ರಸ ಮುಟ್ಟದ ಪಾಠ

ನಮ್ಮ ಮಕ್ಕಳು ಸಣ್ಣ ವಯಸ್ಸಿನಲ್ಲೇ ಮದ್ರಸಕ್ಕೆ ಬರುತ್ತಾರೆ. ವುಝೂವಿನ ಫರ್ಝ್‌ಗಳು ಎಷ್ಟು, ನಮಾಝ್ ಯಾವುದರಿಂದ ಅಸಿಂಧುವಾಗುತ್ತದೆ ಎಂದು ಕೇಳಿದರೆ ಹತ್ತು ವರ್ಷದ ಮಗು ಥಟ್ಟನೆ ಹೇಳುತ್ತದೆ. ಅದೇ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ವ್ಯಾಪಾರ ಯಾವುದರಿಂದ ಅಸಿಂಧುವಾಗುತ್ತದೆ? ಹದಿನೆಂಟು ವರ್ಷದ ಹುಡುಗನೂ ಬೆಬ್ಬೆಬ್ಬೆ ಎನ್ನುತ್ತಾನೆ. ಫಿಕ್ಹ್ ಗ್ರಂಥಗಳಲ್ಲಿ ಆರಾಧನೆಗಳ ಭಾಗ ಮುಗಿದ ಮೇಲೆ ಕ್ರಯವಿಕ್ರಯದ ದೊಡ್ಡ ಅಧ್ಯಾಯವೇ ಇದೆ. ಆ ಪುಟಕ್ಕೆ ಬರುವಷ್ಟರಲ್ಲಿ ನಮ್ಮ ಮಕ್ಕಳು ಮದ್ರಸ ಬಿಟ್ಟಿರುತ್ತಾರೆ.

ಖಲೀಫ ಉಮರ್(ರ)ರ ನಿಲುವು ಬೇರೆಯೇ ಆಗಿತ್ತು. ಧರ್ಮದ ತಿಳುವಳಿಕೆ ಇರುವವರ ಹೊರತು ಬೇರೆ ಯಾರೂ ನಮ್ಮ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಕೂರಬಾರದೆಂದು ಅವರು ಹೇಳಿದ್ದು ತಿರ್ಮಿದಿಯಲ್ಲಿ ದಾಖಲಾಗಿದೆ. ವೈದ್ಯಕೀಯ ಕಲಿಯದವನ ಕೈಗೆ ಚೂರಿ ಕೊಡಬಾರದು ಎನ್ನುತ್ತೇವಲ್ಲ, ಹಾಗೆಯೇ ಹಲಾಲ್ ಹರಾಮ್ ಕಲಿಯದವನ ಕೈಗೆ ತಕ್ಕಡಿ ಕೊಡಬಾರದು.

ನಮ್ಮ ಮೊಹಲ್ಲಾದ ಹುಡುಗ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಮಾವನ ಅಂಗಡಿಗೆ, ಚಿಕ್ಕಪ್ಪನ ಮಂಡಿಗೆ ಸೇರುತ್ತಾನೆ. ಅಲ್ಲಿಂದ ಮುಂದೆ ಅವನ ಉಸ್ತಾದ್ ಯಾರು? ಆ ಅಂಗಡಿಯ ಯಜಮಾನ. ಹರಿದ ಭಾಗವನ್ನು ಮಡಿಕೆಯ ಒಳಗಿಟ್ಟು ಸೀರೆ ತೋರಿಸುವುದನ್ನು ಹುಡುಗ ನೋಡುತ್ತಾನೆ. ಸಾಲಗಾರ ಫೋನ್ ಮಾಡಿದಾಗ 'ನಾನಿಲ್ಲ ಎಂದು ಹೇಳು' ಎಂದು ಯಜಮಾನ ಕಣ್ಸನ್ನೆ ಮಾಡುವುದನ್ನು ನೋಡುತ್ತಾನೆ. 'ನನಗೇ ಇಷ್ಟಕ್ಕೆ ಬಿದ್ದಿದೆ' ಎಂದು ದಿನಕ್ಕೆ ಹತ್ತು ಸಲ ಹೇಳುವುದನ್ನು ಕೇಳುತ್ತಾನೆ. ಮದ್ರಸದಲ್ಲಿ ಹತ್ತು ವರ್ಷ ಕಲಿತದ್ದನ್ನು ಅಂಗಡಿ ಹತ್ತು ತಿಂಗಳಲ್ಲಿ ಅಳಿಸಿಬಿಡುತ್ತದೆ. ಆದ್ದರಿಂದ ಯಜಮಾನರಾದವರು ನೆನಪಿಡಿ, ನಿಮ್ಮ ಅಂಗಡಿಯೂ ಒಂದು ಮದ್ರಸ. ಅಲ್ಲಿ ಪಾಠ ನಡೆಯುತ್ತಲೇ ಇದೆ. ಯಾವ ಪಾಠ ಎಂಬುದಷ್ಟೇ ಪ್ರಶ್ನೆ.

ಹಾಗಾದರೆ ಕಲಿಯಬೇಕಾದ, ಕಲಿಸಬೇಕಾದ ಪಾಠಗಳು ಯಾವುವು? ಐದನ್ನು ಹೇಳುತ್ತೇನೆ.

ಒಂದು: ದೋಷವನ್ನು ಮುಚ್ಚಿಡಬಾರದು

ಪ್ರವಾದಿ(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತರು. ಕೈಯನ್ನು ರಾಶಿಯೊಳಗೆ ತೂರಿಸಿದಾಗ ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದರು. ಮಳೆ ಬಿದ್ದಿತ್ತು ಎಂದು ಅವನು ಉತ್ತರಿಸಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಇದು.

ಇಲ್ಲಿ ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯ ಮಾರುವುದೂ ತಪ್ಪಲ್ಲ. ಒದ್ದೆಯನ್ನು ಕೆಳಗೆ ಹಾಕಿ ಒಣಗಿದ್ದನ್ನು ಮೇಲೆ ಹಾಕಿದ್ದು ತಪ್ಪು. ಅಡಿಕೆ, ಕಾಳುಮೆಣಸು, ಏಲಕ್ಕಿ ವ್ಯಾಪಾರ ಮಾಡುವವರಿಗೆ ತೇವದ ಲೆಕ್ಕ ನಾನು ಹೇಳಬೇಕಾಗಿಲ್ಲ. ಚೀಲದ ಬಾಯಲ್ಲಿ ಒಳ್ಳೆಯ ಅಡಿಕೆ, ತಳದಲ್ಲಿ ಕರಿಗೋಟು. ಬುಟ್ಟಿಯ ಮೇಲೆ ಇವತ್ತಿನ ಮೀನು, ಅಡಿಯಲ್ಲಿ ಮೊನ್ನೆಯ ಮೀನು. ಅಪಘಾತವಾದ ಬೈಕಿಗೆ ಹೊಸ ಬಣ್ಣ. ರಿಪೇರಿಗೆ ಬಂದ ಮೊಬೈಲಿಗೆ ಹಳೆಯ ಬ್ಯಾಟರಿ ಹಾಕಿ ಹೊಸದರ ಬಿಲ್ಲು. ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವು. ಇವೆಲ್ಲವೂ ಆ ರಾಶಿಯೊಳಗಿನ ತೇವವೇ.

ಇಮಾಮ್ ಅಬೂ ಹನೀಫಾ(ರಹ್) ದೊಡ್ಡ ವಿದ್ವಾಂಸರು ಮಾತ್ರವಲ್ಲ, ಕೂಫಾದ ಬಟ್ಟೆ ವ್ಯಾಪಾರಿಯೂ ಆಗಿದ್ದರು. ಒಮ್ಮೆ ದೋಷವಿದ್ದ ಬಟ್ಟೆಯನ್ನು ಪಾಲುದಾರನ ಕೈಗೆ ಕೊಟ್ಟು, ದೋಷವನ್ನು ತಿಳಿಸಿಯೇ ಮಾರಬೇಕೆಂದು ಹೇಳಿ ಕಳಿಸಿದರು. ಪಾಲುದಾರ ಮರೆತು ಹಾಗೆಯೇ ಮಾರಿಬಿಟ್ಟ. ಕೊಂಡವನು ಯಾರೆಂದೂ ಗೊತ್ತಾಗಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಇಡೀ ಹಣವನ್ನು ದಾನ ಮಾಡಿದರು ಎಂದು ಅವರ ಚರಿತ್ರೆಯಲ್ಲಿ ಬರೆಯಲಾಗಿದೆ. ಲಾಭವನ್ನಷ್ಟೇ ಅಲ್ಲ, ಇಡೀ ಹಣವನ್ನು. ಸಂಶಯವಿದ್ದ ಹಣ ತಮ್ಮ ಗಲ್ಲಾಪೆಟ್ಟಿಗೆಯಲ್ಲಿ ಒಂದು ರಾತ್ರಿಯೂ ಇರಬಾರದೆಂಬ ಎಚ್ಚರ ಅವರದ್ದು.

ಎರಡು: ಅಳತೆಯಲ್ಲೂ ಬೆಲೆಯಲ್ಲೂ ನ್ಯಾಯ

ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ, ಸೂರಃ ಅಲ್ ಮುತಫ್ಫಿಫೀನ್. ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರಿಗೆ ಅದರ ಆರಂಭದಲ್ಲೇ ನಾಶದ ಎಚ್ಚರಿಕೆ ಇದೆ. ಪ್ರವಾದಿ(ಸ) ಒಬ್ಬ ತೂಗುವವನಿಗೆ, ತೂಗುವಾಗ ಸ್ವಲ್ಪ ಹೆಚ್ಚೇ ವಾಲುವಂತೆ ತೂಗು ಎಂದು ಹೇಳಿದ್ದರು.

ತಕ್ಕಡಿಗೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕೆಂಬುದು ಸರಕಾರದ ಕಾನೂನು. ಇಲಾಖೆಯವರು ಬರುತ್ತಾರೆಂದು ಮುದ್ರೆ ಹಾಕಿಸುವವನಿಗೂ, ಅಲ್ಲಾಹನು ನೋಡುತ್ತಾನೆಂದು ಹಾಕಿಸುವವನಿಗೂ ವ್ಯತ್ಯಾಸವಿದೆ. ಮೊದಲನೆಯವನು ಕಾಲು ಕಿಲೋ ಸಿಹಿತಿಂಡಿಯ ಜೊತೆ ರಟ್ಟಿನ ಡಬ್ಬಿಯನ್ನೂ ಸೇರಿಸಿ ತೂಗಿಬಿಡುತ್ತಾನೆ. ಎರಡನೆಯವನು ಡಬ್ಬಿಯ ತೂಕವನ್ನು ಮೊದಲು ಕಳೆಯುತ್ತಾನೆ. ಡಬ್ಬಿಯ ತೂಕ ಕೆಲವು ಗ್ರಾಂ ಇರಬಹುದು. ಹಬ್ಬದ ದಿನ ಐನೂರು ಡಬ್ಬಿ ಮಾರಿದವನು ಐನೂರು ಮನೆಗಳ ಹಕ್ಕನ್ನು ಹೊತ್ತುಕೊಂಡಂತಾಯಿತು. ಆ ಐನೂರು ಮಂದಿಯನ್ನು ಹುಡುಕಿ ಕ್ಷಮೆ ಕೇಳುವುದು ಎಲ್ಲಿ?

ಬೆಲೆಯ ಮೋಸವೂ ಅಳತೆಯ ಮೋಸದಂತೆಯೇ. ಸರಕು ಹೊತ್ತು ಬರುವವರನ್ನು ಮಾರುಕಟ್ಟೆ ತಲುಪುವ ಮೊದಲೇ ದಾರಿಯಲ್ಲಿ ಅಡ್ಡಗಟ್ಟಿ ಖರೀದಿಸುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಏಕೆಂದರೆ ಪೇಟೆಯ ದರ ಅವರಿಗೆ ಗೊತ್ತಿರುವುದಿಲ್ಲ. ಇವತ್ತು ರೈತನ ಅಂಗಳಕ್ಕೇ ಹೋಗಿ ಅಡಿಕೆ, ಶುಂಠಿ, ಬಾಳೆ ಖರೀದಿಸುವವರು ನಮ್ಮಲ್ಲಿದ್ದಾರೆ. ಅಂಗಳದಲ್ಲಿ ಖರೀದಿಸುವುದು ತಾನಾಗಿಯೇ ತಪ್ಪಾಗುವುದಿಲ್ಲ. ನಿನ್ನೆ ದರ ಏರಿದೆ ಎಂದು ಗೊತ್ತಿದ್ದೂ, ಅದು ಗೊತ್ತಿಲ್ಲದ ಅಜ್ಜಿಯಿಂದ ಮೊನ್ನೆಯ ದರಕ್ಕೆ ಖರೀದಿಸುವುದು ತಪ್ಪು. ಬಸ್ರಾದ ಯೂನುಸ್ ಬಿನ್ ಉಬೈದ್(ರಹ್) ಎಂಬ ವ್ಯಾಪಾರಿಯ ಅಂಗಡಿಯಲ್ಲಿ 200 ದಿರ್ಹಮ್‌ನ ವಸ್ತ್ರವನ್ನು ಅವರ ಸಹೋದರನ ಮಗ ಹಳ್ಳಿಗನೊಬ್ಬನಿಗೆ 400ಕ್ಕೆ ಮಾರಿದ. ದಾರಿಯಲ್ಲಿ ಇದು ತಿಳಿದ ಯೂನುಸರು ಹಳ್ಳಿಗನನ್ನು ಕರೆದು 200 ದಿರ್ಹಮ್ ಹಿಂದಿರುಗಿಸಿದರು. ನಾನು ಒಪ್ಪಿಯೇ ಕೊಂಡದ್ದು ಎಂದು ಅವನೇ ಹೇಳಿದರೂ ಬಿಡಲಿಲ್ಲ. ಇಮಾಮ್ ಗಝಾಲಿ(ರಹ್) ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದ ಜೀವನೋಪಾಯದ ಅಧ್ಯಾಯದಲ್ಲಿ ಈ ಘಟನೆಯನ್ನು ಹೇಳಿದ್ದಾರೆ.

ಮೂರು: ಮಾತಿನಲ್ಲಿ ಸತ್ಯ

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಸುಳ್ಳು ಹೇಳಿ ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತದೆ ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಸುಳ್ಳು ಆಣೆಯಿಂದ ಸರಕು ಬೇಗ ಖರ್ಚಾಗಬಹುದು, ಬರಕತ್ ಹೋಗುತ್ತದೆ ಎಂದೂ ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಕೊಳ್ಳುವ ಉದ್ದೇಶವಿಲ್ಲದವನು ಸುಮ್ಮನೆ ಬೆಲೆ ಏರಿಸಿ ಕೂಗುವುದನ್ನು ಹದೀಸ್‌ನಲ್ಲಿ 'ನಜಶ್' ಎನ್ನಲಾಗಿದೆ. ಅದನ್ನು ನಿಷೇಧಿಸಲಾಗಿದೆ. ಹರಾಜಿನ ಕಾಲದ ಈ ಮೋಸ ಈಗ ಮೊಬೈಲಿಗೆ ಬಂದಿದೆ. ನಮ್ಮ ಯುವಕರು ಆನ್‌ಲೈನ್‌ನಲ್ಲಿ ಅತ್ತರು, ಖರ್ಜೂರ, ಬುರ್ಖಾ ಮಾರುತ್ತಾರೆ. ಸಂತೋಷದ ವಿಷಯ. ಆದರೆ ಕೊಳ್ಳದ ಗೆಳೆಯರಿಂದ ಐದು ನಕ್ಷತ್ರದ ವಿಮರ್ಶೆ ಬರೆಸಿದರೆ, ಎದುರಾಳಿಯ ಅಂಗಡಿಗೆ ಒಂದು ನಕ್ಷತ್ರ ಹಾಕಿಸಿದರೆ ಅದು ನಜಶ್ ಅಲ್ಲದೆ ಮತ್ತೇನು? 'ಇನ್ನು ಎರಡೇ ಪೀಸ್ ಉಳಿದಿವೆ' ಎಂದು ಬರೆದು ಗೋದಾಮಿನಲ್ಲಿ ಇನ್ನೂರು ಇಟ್ಟುಕೊಂಡರೆ ಅದು ಸುಳ್ಳಲ್ಲದೆ ಮತ್ತೇನು?

ನಾಲ್ಕು: ಕೂಲಿ ಮತ್ತು ಬಾಕಿ

ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ನಮಗೆಲ್ಲ ಬಾಯಿಪಾಠ. ಇನ್ನೊಂದು ಹದೀಸ್ ಅದಕ್ಕಿಂತ ಭಯಂಕರವಾದುದು. ಅಂತ್ಯದಿನದಲ್ಲಿ ಮೂವರ ವಿರುದ್ಧ ಸ್ವತಃ ಅಲ್ಲಾಹನೇ ಎದುರುವಾದಿಯಾಗಿ ನಿಲ್ಲುತ್ತಾನೆ. ಕೆಲಸವನ್ನು ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನು ಅವರಲ್ಲೊಬ್ಬ. ಬುಖಾರಿಯಲ್ಲಿರುವ ಹದೀಸ್ ಇದು. ಒಡಿಶಾದಿಂದ, ಬಿಹಾರದಿಂದ, ಉತ್ತರ ಕರ್ನಾಟಕದಿಂದ ಬಂದು ನಮ್ಮ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ನಮ್ಮ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವವರು ಇದ್ದಾರೆ. ಅವರ ಪರವಾಗಿ ಮಾತನಾಡುವವರು ಇಲ್ಲಿ ಯಾರೂ ಇಲ್ಲ ಎಂದು ನಾವು ಭಾವಿಸುತ್ತೇವೆ. ಅವರ ವಕೀಲ ಯಾರೆಂದು ಈ ಹದೀಸ್ ಹೇಳಿದೆ.

ಕೊಡುವ ಸಾಮರ್ಥ್ಯವಿದ್ದವನು ಬಾಕಿಯನ್ನು ಎಳೆದಾಡುವುದು ಅನ್ಯಾಯ ಎಂದೂ ಪ್ರವಾದಿ(ಸ) ಹೇಳಿದ್ದಾರೆ. ದೊಡ್ಡ ವ್ಯಾಪಾರಿ ಸಣ್ಣ ಬೇಕರಿಯವನಿಗೆ, ಟೈಲರಿಗೆ, ಬಡಗಿಗೆ ಆರು ತಿಂಗಳು ಹಣ ಕೊಡದೆ ಓಡಾಡಿಸುತ್ತಾನೆ. ದೇಶದ ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ನೋಂದಾಯಿತ ಸಣ್ಣ ಉದ್ದಿಮೆಯಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ.

ಇದು ಗಿರಾಕಿಗಳಿಗೂ ಅನ್ವಯಿಸುವ ಪಾಠ. ಮೊಹಲ್ಲಾದ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರು ಬರೆಸಿ, ಅಲ್ಲಿ ಬಾಕಿ ಇಟ್ಟು, ನಗದು ಕೊಟ್ಟು ಸೂಪರ್ ಮಾರ್ಕೆಟಿಗೆ ಹೋಗುವವರಿದ್ದಾರೆ. ಮಯ್ಯಿತ್ ಮಸೀದಿಗೆ ಬಂದಾಗ, ಮೃತರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ಕುಟುಂಬದವರನ್ನು ಸಂಪರ್ಕಿಸಿ ಎಂದು ನಾವು ಘೋಷಿಸುತ್ತೇವೆ. ಕೆಲವೇ ದೀನಾರ್ ಸಾಲ ಉಳಿಸಿ ತೀರಿಹೋದವರ ಜನಾಝ ನಮಾಝಿಗೆ ಪ್ರವಾದಿ(ಸ) ಮುಂದೆ ನಿಲ್ಲಲಿಲ್ಲ, ಅಬೂ ಖತಾದ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ಮಾಡಿಸಿದರು. ಆ ಘೋಷಣೆಗೆ ಕಾಯುವುದು ಬೇಡ. ಜೀವವಿರುವಾಗಲೇ ಉದ್ರಿ ಪುಸ್ತಕದಿಂದ ಹೆಸರು ಹೊಡೆಸಿಕೊಳ್ಳಿ.

ಐದು: ಬರೆದಿಡುವುದು

ಕುರ್‌ಆನ್‌ನ ಅತಿ ದೀರ್ಘವಾದ ಸೂಕ್ತ ಯಾವುದೆಂದು ನಿಮಗೆ ಗೊತ್ತೇ? ಸೂರಃ ಅಲ್ ಬಕರಃದ 282ನೆಯದು. ಅದು ನಮಾಝಿನ ಬಗ್ಗೆಯೂ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂದು ಅದು ಕಲಿಸುತ್ತದೆ.

ನಾವು ಏನು ಮಾಡುತ್ತೇವೆ? 'ಅಣ್ಣ ತಮ್ಮಂದಿರ ನಡುವೆ ಕಾಗದ ಯಾಕೆ, ನಂಬಿಕೆ ಇಲ್ಲವೇ' ಎನ್ನುತ್ತೇವೆ. ಅಂಗಡಿಗೆ ಬಂಡವಾಳ ಹಾಕಿದವನು ಗಲ್ಫ್‌ನಲ್ಲಿ, ದುಡಿಯುವವನು ಊರಿನಲ್ಲಿ. ಅದು ಸಾಲವೋ ಪಾಲುದಾರಿಕೆಯೋ ಎಂದು ಇಬ್ಬರೂ ಮಾತಾಡಿರುವುದಿಲ್ಲ. ಹತ್ತು ವರ್ಷವಾದ ಮೇಲೆ ಅಂಗಡಿ ಬೆಳೆದಿರುತ್ತದೆ, ಅಣ್ಣ ತಮ್ಮ ಎದುರುಬದುರಾದರೆ ಸಲಾಮೂ ಇರುವುದಿಲ್ಲ. ಜಮಾಅತಿನ ಮುಂದೆ ಬರುವ ಎಷ್ಟೋ ಜಗಳಗಳ ಬೇರು ಹುಡುಕಿದರೆ ಅಲ್ಲಿ ಬರೆಯದೇ ಬಿಟ್ಟ ಒಂದು ಹಾಳೆ ಇರುತ್ತದೆ. ಬರೆಯುವುದು ಅಪನಂಬಿಕೆಯ ಲಕ್ಷಣವಲ್ಲ, ನಂಬಿಕೆಯನ್ನು ಕಾಯುವ ಬೇಲಿ.

ಹಣ ಹೂಡುವಾಗಲೂ ಇದು ನೆನಪಿರಲಿ. 2019ರಲ್ಲಿ ಬೆಂಗಳೂರಿನಲ್ಲಿ 'ಹಲಾಲ್ ಲಾಭ' ಎಂಬ ಹೆಸರಿನಲ್ಲಿ ಹಣ ಕೂಡಿಸಿದ ಕಂಪೆನಿಯೊಂದು ಕುಸಿದು, ಹತ್ತಾರು ಸಾವಿರ ಮಂದಿಯ ಉಳಿತಾಯ ಮುಳುಗಿತು. ಮಗಳ ಮದುವೆಗೆಂದು ಇಟ್ಟ ಹಣ, ನಿವೃತ್ತಿಯ ಹಣ, ವಿಧವೆಯರ ಹಣ ಅದರಲ್ಲಿತ್ತು. ಹಲಾಲ್ ಎಂಬ ಪದ ಬೋರ್ಡಿನ ಮೇಲೆ ಬರೆದರೆ ಬರುವುದಿಲ್ಲ. ಪಾಲುದಾರಿಕೆಯ ಶರೀಅತ್ ನಿಯಮ ಸರಳವಾಗಿದೆ. ಲಾಭವನ್ನು ಮೊದಲೇ ಒಪ್ಪಿದ ಅನುಪಾತದಲ್ಲಿ ಹಂಚಬೇಕು, ನಷ್ಟವಾದರೆ ಬಂಡವಾಳ ಹಾಕಿದವನೂ ಹೊರಬೇಕು. ನಷ್ಟವೇ ಇಲ್ಲ, ತಿಂಗಳು ತಿಂಗಳು ಇಷ್ಟು ಖಚಿತ ಎನ್ನುವವನು ಒಂದೋ ಬಡ್ಡಿ ಕೊಡುತ್ತಿದ್ದಾನೆ, ಇಲ್ಲವೇ ನಾಳೆ ಬರುವವನ ಹಣವನ್ನು ಇವತ್ತು ನಿಮಗೆ ಕೊಡುತ್ತಿದ್ದಾನೆ. ಆದ್ದರಿಂದ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ವ್ಯಾಪಾರದಿಂದ ಈ ಲಾಭ? ಲೆಕ್ಕ ತಪಾಸಣೆ ಮಾಡಿದವರು ಯಾರು? ಠೇವಣಿ ಪಡೆಯಲು ಕಾನೂನಿನ ಅನುಮತಿ ಇದೆಯೇ? ಉತ್ತರದ ಬದಲು ಒಂದು ಸೂಕ್ತ ಓದಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ವ್ಯಾಪಾರ ಸಮಾಜದ ಸೇವೆಯೂ ಹೌದು

ಸಹೋದರರೇ, ಇಷ್ಟೆಲ್ಲ ಕೇಳಿ ವ್ಯಾಪಾರ ಎಂದರೆ ಪಾಪದ ಬಲೆ ಎಂದು ಯಾರೂ ತಿಳಿಯಬಾರದು. ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿ ಬಡ್ಡಿಯನ್ನು ಹರಾಮ್ ಮಾಡಿದ್ದಾನೆ. ನಮ್ಮ ಪ್ರವಾದಿ(ಸ) ಖದೀಜಾ(ರ)ರ ಸರಕು ಹೊತ್ತು ಶಾಮ್ ದೇಶಕ್ಕೆ ಹೋದ ವ್ಯಾಪಾರಿ. ಹಿಜ್ರತ್ ಮಾಡಿ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ತನ್ನ ಅರ್ಧ ಸೊತ್ತು ಕೊಡಲು ಮುಂದಾದರು. ಅವರು ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿ ಎಂದರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಆರಂಭಿಸಿ ಮುಂದೆ ಮದೀನಾದ ದೊಡ್ಡ ದಾನಿಗಳಲ್ಲಿ ಒಬ್ಬರಾದರು.

ಊರಿಗೆ ಬೇಕಾದ ಕಸುಬು ಮತ್ತು ವ್ಯಾಪಾರಗಳು ಫರ್ಝ್ ಕಿಫಾಯ ಎಂದು ಇಮಾಮ್ ಗಝಾಲಿ(ರಹ್) ಹೇಳಿದ್ದಾರೆ. ಎಲ್ಲರೂ ಅವನ್ನು ಕೈಬಿಟ್ಟರೆ ಜನಜೀವನವೇ ನಿಂತುಹೋಗುತ್ತದೆ. ಹಾಗಾಗಿ ಬೆಳಗ್ಗೆ ಅಂಗಡಿ ತೆರೆಯುವವನು ಜನರ ಒಂದು ಅಗತ್ಯವನ್ನು ಪೂರೈಸುವ ನಿಯ್ಯತ್ ಮಾಡಿದರೆ ಅವನ ದಿನವೇ ಆರಾಧನೆಯಾಗುತ್ತದೆ. ಮದೀನಾದಲ್ಲಿ ಸಿಹಿನೀರಿಗೆ ಕಷ್ಟವಿದ್ದಾಗ ರೂಮಾ ಬಾವಿಯನ್ನು ಉಸ್ಮಾನ್(ರ) ತಮ್ಮ ಹಣದಿಂದ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಒಂದೇ ನೀರು, ಕೆಲವರ ಕೈಯಲ್ಲಿ ಅದು ದುಡ್ಡು ಮಾಡುವ ದಾರಿ, ಉಸ್ಮಾನ್(ರ)ರ ಕೈಯಲ್ಲಿ ಅದು ವಕ್ಫ್.

ಅಭಾವದ ಕಾಲದಲ್ಲಿ ಆಹಾರವನ್ನು ಬಚ್ಚಿಟ್ಟು ಬೆಲೆ ಏರಿಸುವವನು ಪಾಪಿ ಎಂದು ಹದೀಸ್ ಹೇಳುತ್ತದೆ. ರಮಝಾನ್ ಬಂದಾಗ ಹಣ್ಣಿನ ಬೆಲೆ, ಮಾಂಸದ ಬೆಲೆ ನೋಡಿ. ಮಂಡಿಯಲ್ಲೇ ದರ ಏರಿದ್ದರೆ ಅಂಗಡಿಯವನ ತಪ್ಪಿಲ್ಲ. ಉಪವಾಸಿಗರು ಹೇಗೂ ಕೊಳ್ಳುತ್ತಾರೆಂದು ನಾವೇ ಏರಿಸಿದರೆ, ತರಾವೀಹ್‌ನಲ್ಲಿ ನಮ್ಮ ಪಕ್ಕದಲ್ಲಿ ನಿಲ್ಲುವ ಕೂಲಿಕಾರನ ಇಫ್ತಾರಿನ ತಟ್ಟೆಯಿಂದ ಕಿತ್ತುಕೊಂಡಂತೆ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಗಡುವು ಕೊಡಬೇಕೆಂದೂ, ಮನ್ನಾ ಮಾಡಿದರೆ ಇನ್ನೂ ಒಳ್ಳೆಯದೆಂದೂ ಕುರ್‌ಆನ್ ಕಲಿಸಿದೆ. ವರ್ಷ ತುಂಬಿದಾಗ ಅಂಗಡಿಯ ಸರಕನ್ನೂ ಲೆಕ್ಕ ಹಾಕಿ ಶೇಕಡಾ 2.5ರಷ್ಟು ಝಕಾತ್ ಕೊಡಬೇಕು. ಆದರೆ ಝಕಾತ್ ಎಂಬುದು ಹರಾಮ್ ಹಣವನ್ನು ತೊಳೆಯುವ ಸಾಬೂನಲ್ಲ. ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನು ಮಾತ್ರ ಸ್ವೀಕರಿಸುತ್ತಾನೆ.

ಇನ್ನೊಂದು ಮಾತನ್ನು ಎಲ್ಲರೂ ಕಿವಿಗೊಟ್ಟು ಕೇಳಬೇಕು. ಗಿರಾಕಿ ಯಾವ ಧರ್ಮದವನೇ ಆಗಿರಲಿ ಅವನ ಹಕ್ಕು ಹಕ್ಕೇ. ಮಕ್ಕಾದವರು ಪ್ರವಾದಿಯವರ(ಸ) ಪ್ರಾಣ ತೆಗೆಯಲು ಸಂಚು ಹೂಡಿದ್ದ ದಿನಗಳಲ್ಲೂ ಅವರ ಅಮಾನತ್ತುಗಳು ಪ್ರವಾದಿಯವರ(ಸ) ಬಳಿಯೇ ಇದ್ದವು. ಅವನ್ನು ಒಡೆಯರಿಗೆ ಒಪ್ಪಿಸಲೆಂದೇ ಅಲೀ(ರ)ರನ್ನು ಹಿಂದೆ ಬಿಟ್ಟು ಅವರು ಹಿಜ್ರತ್ ಮಾಡಿದರು. ಪ್ರವಾದಿ(ಸ) ನಿಧನರಾದಾಗ ಅವರ ಯುದ್ಧಕವಚ ಒಬ್ಬ ಯಹೂದಿಯ ಬಳಿ ಗೋಧಿಜಾತಿಯ ಧಾನ್ಯಕ್ಕೆ ಒತ್ತೆ ಇತ್ತು. ಬೇರೆ ಧರ್ಮದವರೊಡನೆ ನಂಬಿಕೆಯ ವ್ಯವಹಾರ ಕೊನೆಯವರೆಗೂ ಇತ್ತೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಕರಾವಳಿಗೆ ಇಸ್ಲಾಮ್ ಬಂದದ್ದೂ ಅರಬ್ ವ್ಯಾಪಾರಿಗಳ ಹಡಗುಗಳ ಜೊತೆ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಮಂಗಳೂರಿಗೆ ಬಂದಾಗ ಯಮನ್ ಮತ್ತು ಪರ್ಶಿಯಾದ ವ್ಯಾಪಾರಿಗಳು ಇಲ್ಲಿ ಕರಿಮೆಣಸು, ಶುಂಠಿಯ ವ್ಯಾಪಾರ ಮಾಡುತ್ತಿದ್ದರು. ಇಲ್ಲಿನ ರಾಜರು, ಇಲ್ಲಿನ ಜನರು ಅವರಿಗೆ ನೆಲೆ ಕೊಟ್ಟರು. ಮೋಸಗಾರರಿಗೆ ಯಾವ ಬಂದರಿನಲ್ಲೂ ಶತಮಾನಗಳ ಕಾಲ ನೆಲೆ ಸಿಗುವುದಿಲ್ಲ. 2022ರಲ್ಲಿ ಕೆಲವು ಜಾತ್ರೆಗಳಲ್ಲಿ ನಮ್ಮ ಬಡ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ನೋವು ಇನ್ನೂ ಇದೆ. ಅದು ಅನ್ಯಾಯ, ಅನ್ಯಾಯವನ್ನು ಕಾನೂನಿನ ದಾರಿಯಲ್ಲಿ ಪ್ರಶ್ನಿಸಬೇಕು. ಆದರೆ ಒಂದು ಜನರ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದಿಂದ ತಪ್ಪಿಸಬಾರದೆಂದು ಸೂರಃ ಅಲ್ ಮಾಇದಃ ಆಜ್ಞಾಪಿಸುತ್ತದೆ. ಅಷ್ಟೆಲ್ಲ ಆದ ಮೇಲೂ ಹಳೆಯ ಗಿರಾಕಿಗಳು ನಮ್ಮ ಅಂಗಡಿಗಳನ್ನು ಹುಡುಕಿಕೊಂಡು ಬಂದರು. ಅವರನ್ನು ಕರೆತಂದದ್ದು ತಂದೆಯಂದಿರು, ಅಜ್ಜಂದಿರು ಗಳಿಸಿಟ್ಟ ನಂಬಿಕೆ. ಆ ಆಸ್ತಿಯನ್ನು ಹತ್ತು ರೂಪಾಯಿಯ ಸುಳ್ಳಿಗೆ ಮಾರಬೇಡಿ.

'ಹೀಗೆಲ್ಲ ನೋಡಿದರೆ ಹೊಟ್ಟೆ ತುಂಬುವುದಿಲ್ಲ ಉಸ್ತಾದರೇ'

ಈ ಮಾತನ್ನು ನೀವು ಮನಸ್ಸಿನಲ್ಲಿ ಹೇಳುತ್ತಿರಬಹುದು. ಪಕ್ಕದವನು ಕಲಬೆರಕೆ ಮಾಡಿ ಕಡಿಮೆ ಬೆಲೆಗೆ ಕೊಡುವಾಗ ನಾನೊಬ್ಬ ಸತ್ಯ ಹೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಭಯ ಸುಳ್ಳಲ್ಲ. ಸತ್ಯವಂತನಿಗೆ ಎಂದೂ ನಷ್ಟವಾಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಎರಡು ವಿಷಯ ಗಮನಿಸಿ.

ಒಂದು, ಇಸ್ಲಾಮ್ ಲಾಭವನ್ನು ತಡೆದಿಲ್ಲ. ಕುರಿ ತರಲು ಪ್ರವಾದಿ(ಸ) ಉರ್ವಾ(ರ)ರಿಗೆ ಒಂದು ದೀನಾರ್ ಕೊಟ್ಟರು. ಅವರು ಅದರಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿ(ಸ) ಸಿಟ್ಟಾಗಲಿಲ್ಲ, ಅವರ ವ್ಯಾಪಾರದಲ್ಲಿ ಬರಕತ್ ಇರಲೆಂದು ದುಆ ಮಾಡಿದರು. ಜಾಣತನಕ್ಕೆ ತಡೆಯಿಲ್ಲ, ವಂಚನೆಗೆ ಮಾತ್ರ ತಡೆ.

ಎರಡು, ಇವತ್ತಿನ ಲಾಭವನ್ನು ಮಾತ್ರ ಎಣಿಸುವವನಿಗೆ ಲೆಕ್ಕ ಪೂರ್ತಿ ಸಿಗುವುದಿಲ್ಲ. ಹರಾಮಿನಿಂದ ಬೆಳೆದ ದೇಹದ ದುಆ ಹೇಗೆ ಸ್ವೀಕಾರವಾದೀತು ಎಂದು ಪ್ರವಾದಿ(ಸ) ಕೇಳಿದ್ದಾರೆ. ಮಗುವಿಗೆ ಜ್ವರ ಬಂದ ರಾತ್ರಿ ಕೈ ಎತ್ತಿ ಬೇಡುವಾಗ ನಮ್ಮ ದುಆಕ್ಕೆ ದಾರಿ ಇರಬೇಕಲ್ಲವೇ? ಅಳತೆ ಸರಿ ಕೊಟ್ಟ ಮೇಲೆ ಅಲ್ಲಾಹನು ಉಳಿಸುವುದೇ ನಿಮಗೆ ಉತ್ತಮವೆಂದು ಶುಐಬ್(ಅ) ಮದ್‌ಯನ್‌ನವರಿಗೆ ಹೇಳಿದ್ದೂ ಇದನ್ನೇ.

ಇನ್ನು ಮಾಡಬೇಕಾದದ್ದು

ನಮ್ಮ ಜಮಾಅತಿಗೆ, ಮನೆಗಳಿಗೆ ಕೆಲವು ಸಲಹೆ ಹೇಳುತ್ತೇನೆ. ಮದ್ರಸದ ದೊಡ್ಡ ತರಗತಿಗಳಲ್ಲಿ ವಾರಕ್ಕೊಂದು ಪಾಠ ಕ್ರಯವಿಕ್ರಯದ್ದಾಗಲಿ, ಉದಾಹರಣೆಗಳು ನಮ್ಮ ಪೇಟೆಯವೇ ಆಗಿರಲಿ. ತಿಂಗಳಿಗೊಂದು ಸಂಜೆ ಇಶಾದ ಬಳಿಕ ವ್ಯಾಪಾರಿಗಳೂ ಅಂಗಡಿಯಲ್ಲಿ ದುಡಿಯುವ ಹುಡುಗರೂ ಒಟ್ಟಿಗೆ ಕೂರಲಿ. ಒಂದು ಸಲ ಆಲಿಮರು, ಒಂದು ಸಲ ಲೆಕ್ಕಪರಿಶೋಧಕರು, ಒಂದು ಸಲ ವಕೀಲರು ಬಂದು ಮಾತಾಡಲಿ. ಪಾಲುದಾರಿಕೆಯ ಸರಳ ಒಪ್ಪಂದ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಮಸೀದಿಯ ಕಚೇರಿಯಲ್ಲಿಡಲಿ. ಹಣ ಹೂಡಿಕೆಯ ಯಾವ ಯೋಜನೆಗೂ ಮಸೀದಿಯ ಮೈಕ್ ಸಿಗಬಾರದು.

ತಾಯಂದಿರೇ, ಮೊದಲ ಪಾಠ ನಿಮ್ಮದು. ಅಂಗಡಿಗೆ ಕಳಿಸಿದ ಮಗು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ತಂದರೆ ಜಾಣ ಎನ್ನಬೇಡಿ, ಆಗಲೇ ಹಿಂದಕ್ಕೆ ಕಳಿಸಿ. ಹಾಲಿಗೆ ನೀರು ಬೆರೆಸಲು ತಾಯಿ ಹೇಳಿದಾಗ, ಉಮರ್ ನೋಡದಿದ್ದರೂ ಉಮರ್‌ರ ಪ್ರಭು ನೋಡುತ್ತಾನೆಂದ ಹುಡುಗಿಯ ಕತೆ ನಿಮಗೆ ಗೊತ್ತಿದೆ. ಅಂಥ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನಮ್ಮ ಮನೆಗಳಲ್ಲಿ ಬೆಳೆಯಲಿ.

ಯಜಮಾನರೇ, ನಿಮ್ಮನ್ನು ಯಾವುದರಿಂದ ತಡೆಯುತ್ತೇನೋ ಅದನ್ನು ನಾನೇ ಮಾಡಲು ಬಯಸುವುದಿಲ್ಲವೆಂದು ಶುಐಬ್(ಅ) ತಮ್ಮ ಜನರಿಗೆ ಹೇಳಿದ್ದರು. ಕಲಿಸುವವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ. ಇವತ್ತು ಮಧ್ಯಾಹ್ನ ಶಟರ್ ಎತ್ತಿದ ಮೇಲೆ ನಿಮ್ಮ ಕೆಲಸದ ಹುಡುಗ ನೋಡುತ್ತಿರುವಾಗ, ಒಬ್ಬ ಗಿರಾಕಿಗಾದರೂ ಸರಕಿನ ದೋಷವನ್ನು ನೀವಾಗಿಯೇ ತೋರಿಸಿ. ಆ ಹುಡುಗ ಅದನ್ನು ಜೀವಮಾನವಿಡೀ ಮರೆಯಲಾರ.

ಅಲ್ಲಾಹನೇ, ನಮ್ಮ ಗಳಿಕೆಯನ್ನು ಹಲಾಲ್ ಆಗಿಸು, ಅದರಲ್ಲಿ ಬರಕತ್ ನೀಡು. ನಮ್ಮ ನಾಲಿಗೆಗೆ ಸತ್ಯವನ್ನೂ ನಮ್ಮ ತಕ್ಕಡಿಗೆ ನ್ಯಾಯವನ್ನೂ ಕೊಡು. ಸಾಲದಲ್ಲಿರುವವರ ಸಾಲ ತೀರಿಸು, ಕೆಲಸವಿಲ್ಲದ ಯುವಕರಿಗೆ ದಾರಿ ತೋರಿಸು. ನಮ್ಮಿಂದ ಯಾರ ಹಕ್ಕಾದರೂ ಬಾಕಿ ಇದ್ದರೆ, ನಿನ್ನ ಮುಂದೆ ನಿಲ್ಲುವ ಮೊದಲೇ ಅದನ್ನು ಹಿಂದಿರುಗಿಸುವ ಭಾಗ್ಯವನ್ನು ಕರುಣಿಸು. ಆಮೀನ್.